ದೀಪದ ಹೊತ್ತಿನ ಎರಡು ಬಾಗಿಲು

ನಮ್ಮ ಬೀದಿಯಲ್ಲಿ ಕಂಬಕ್ಕೆ ಅಂಟಿಸಿದ ಕಾಗದವನ್ನು ನಿಂತು ಓದುವವಳು ನಾನೊಬ್ಬಳೇ. ಬೆಳಿಗ್ಗೆ ಆರೂವರೆಗೆ ವಾಕಿಂಗಿಗೆಂದು ಮನೆ ಬಿಡುತ್ತೇನೆ, ಏಳೂಕಾಲಿಗೆ ಹಿಂತಿರುಗುತ್ತೇನೆ. ನಡುವೆ ಎಲ್ಲೂ ನಿಲ್ಲುವ ರೂಢಿಯಿಲ್ಲ. ಆದರೆ ಕಳೆದುಹೋದ ನಾಯಿಯ ಚಿತ್ರವಿರುವ ಕಾಗದ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಹೋದ ವಾರ ಒಂದು ಕಂಡೆ. ಬಿಳಿ ನಾಯಿ, ಒಂದು ಕಿವಿ ಕಂದು. ಕೆಳಗೆ ಹೆಸರು, ಫೋನ್ ನಂಬರು, ಆಮೇಲೆ ದಪ್ಪ ಅಕ್ಷರದಲ್ಲಿ ಒಂದು ಮಾತು: ದಯವಿಟ್ಟು ಅಟ್ಟಿಸಿಕೊಂಡು ಹೋಗಬೇಡಿ.

ಇಂಥ ಕಾಗದಗಳಲ್ಲೆಲ್ಲ ಇರುವ ಈ ಮಾತು ನನಗೆ ಮೊದಮೊದಲು ವಿಚಿತ್ರವಾಗಿ ಕಾಣುತ್ತಿತ್ತು. ನಾಯಿ ಸಿಕ್ಕರೆ ಹಿಡಿಯುವುದು ಬೇಡವೇ? ಇವರಿಗೆ ನಾಯಿ ಬೇಕೋ ಬೇಡವೋ? ಹಾಗೆಂದು ಮಗಳಿಗೆ ಹೇಳಿ ನಕ್ಕದ್ದೂ ಉಂಟು. ಈಗ ನಗುವುದಿಲ್ಲ. ಆ ಸಾಲನ್ನು ಎರಡು ಸಲ ಓದಿ ಮುಂದೆ ಹೋಗುತ್ತೇನೆ. ಏಕೆಂದು ಹೇಳಬೇಕಾದರೆ ನಮ್ಮ ಬೋಂಡಾನ ವಿಷಯ ಹೇಳಬೇಕು.

ಬೋಂಡಾ ಎಂದರೆ ಮಗಳ ಮನೆಯ ನಾಯಿ. ಹೆಸರಿಟ್ಟವನು ಅಳಿಯ ಶ್ರೀಧರ. ಮೈಸೂರಿನವನು, ಊಟದ ವಿಷಯದಲ್ಲಿ ಉದಾರಿ. ಮರಿಯಾಗಿದ್ದಾಗ ಅದು ಎಣ್ಣೆಯಿಂದ ಆಗಷ್ಟೇ ತೆಗೆದ ಹಾಗೆ ದುಂಡಗೆ, ಹೊಂಬಣ್ಣಕ್ಕೆ ಇತ್ತಂತೆ. ನಾನು ಪರದೇಶದ ಈ ಕ್ಯಾಂಪ್‌ಬೆಲ್ ಊರಿಗೆ ಬಂದು ಇವರ ಜೊತೆ ಇರಲು ಶುರುಮಾಡಿದಾಗ ಅದಕ್ಕೆ ಎರಡು ವರ್ಷ. ದಿನದ ಮುಕ್ಕಾಲು ಭಾಗ ಸೋಫಾದ ಮೇಲೆ ದಿಂಬಿನ ಹಾಗೆ ಬಿದ್ದಿರುತ್ತಿತ್ತು. ಒಮ್ಮೆ ಕನ್ನಡಕ ಹಾಕದೆ ಅದರ ಮೇಲೆಯೇ ಒರಗಿ ಕೂತಿದ್ದೆ, ಇಬ್ಬರೂ ಆಕ್ಷೇಪಿಸಲಿಲ್ಲ.

ಆ ನಾಯಿಯ ಯಜಮಾನಿ ಮೊಮ್ಮಗಳು ನಿಧಿ, ಹನ್ನೆರಡು ವರ್ಷದವಳು. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ. ಬೋಂಡಾನ ಊಟ, ಸ್ನಾನ, ಉಗುರು ಎಲ್ಲ ಅವಳದೇ ಜವಾಬ್ದಾರಿ. ನಾನು ಬಂದ ಮೊದಲ ದಿನವೇ ಕೈಹಿಡಿದು ಮನೆಯ ಬಾಗಿಲುಗಳನ್ನು ತೋರಿಸಿದಳು. ಮುಂಬಾಗಿಲಿಗೂ ಹಜಾರಕ್ಕೂ ನಡುವೆ ಸೊಂಟದೆತ್ತರದ ಒಂದು ಮರದ ಗೇಟು. ಹಿಂಬಾಗಿಲಿನ ಆಚೆ ಬೇಲಿ ಇರುವ ಹಿತ್ತಲು.

“ಅಜ್ಜಿ, ರೂಲ್ ಏನಂದ್ರೆ, ಸಣ್ಣ ಗೇಟು ಹಾಕದೆ ಮುಂದಿನ ಡೋರ್ ತೆಗೀಬಾರ್ದು. ನೆವರ್.”

“ಆತು ಬಿಡವ್ವಾ. ಒಂದು ನಾಯಿಗೆ ಇಷ್ಟು ಬಂದೋಬಸ್ತಾ?”

ನಿಯಮವೆಂದರೆ ನನಗೆ ಬೇಸರವಿಲ್ಲ ಎಂಬುದನ್ನು ಹೇಳಬೇಕು. ಮೂವತ್ತಾರು ವರ್ಷ ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದವಳು. ಕಡೆಯ ಹತ್ತು ವರ್ಷ ಹೆಡ್ ಸಿಸ್ಟರ್. ಹಾಸಿಗೆಯ ಚಾದರದ ಮೂಲೆ ಸೊಟ್ಟಗಿದ್ದರೆ ಇವತ್ತಿಗೂ ನನಗೆ ನಿದ್ದೆ ಬಾರದು. ಆದರೆ ನಾಯಿಯ ವಿಷಯದಲ್ಲಿ ನನ್ನ ತಲೆಯಲ್ಲಿದ್ದ ಚಿತ್ರವೇ ಬೇರೆ. ಮಗಳು ವಿದ್ಯಾ, “ಅವ್ವಾ, ಇಲ್ಲಿ ಬೆಲ್ಟ್ ಇಲ್ದ ನಾಯಿನ ಹೊರಗ ಬಿಡಂಗಿಲ್ಲ” ಎಂದಾಗಲೆಲ್ಲ ನಾನು, “ನಮ್ಮ ಕರಿಯಾಗ ಯಾವ ಬೆಲ್ಟ್ ಇತ್ತು?” ಎಂದು ಕೇಳುತ್ತಿದ್ದೆ. ಅಲ್ಲಿಗೆ ವಾದ ಮುಗಿಯುತ್ತಿತ್ತು, ಗೆದ್ದವಳು ನಾನು.

ಕರಿಯಾ ನನ್ನ ಬಾಲ್ಯದ ನಾಯಿ. ನಮ್ಮದು ಎನ್ನುವಂತಿರಲಿಲ್ಲ. ಅಪ್ಪ ರೈಲ್ವೆ ಗೇಟ್‌ಮನ್. ಊರ ಹೊರಗೆ ಹಳಿಯ ಪಕ್ಕದಲ್ಲೇ ಒಂದು ಕೋಣೆಯ ಮನೆ. ಬೆಳಗಿನ ಪ್ಯಾಸೆಂಜರ್ ಹೋದರೆ ಚಹಾ, ಹತ್ತರ ಗೂಡ್ಸ್ ಹೋದರೆ ರೊಟ್ಟಿ. ಗಡಿಯಾರ ನೋಡಲು ಕಲಿಯುವ ಮೊದಲೇ ನಾನು ರೈಲು ನೋಡಿ ಹೊತ್ತು ಹೇಳುತ್ತಿದ್ದೆ. ಅಪ್ಪ ಗಾಲಿ ತಿರುಗಿಸಿ ಗೇಟು ಇಳಿಸಿದರೆ ಎತ್ತಿನ ಗಾಡಿ, ಸೈಕಲ್ಲು, ಹುಲ್ಲು ಹೊತ್ತ ಹೆಂಗಸರು, ಆಡಿನ ಹಿಂಡು, ಇವರೆಲ್ಲರ ಜೊತೆಗೆ ಕರಿಯಾ ಕೂಡ ಬಂದು ಗೇಟಿನ ಮುಂದೆ ಕೂರುತ್ತಿತ್ತು. ರೈಲು ಹೋಗಿ, ಗೇಟು ಮೇಲೆದ್ದ ಮೇಲೆ ತಾನೂ ಎದ್ದು ಮೈ ಕೊಡವಿ ದಾಟುತ್ತಿತ್ತು. ಯಾರೂ ಕಲಿಸಿದ್ದಲ್ಲ. ಅದನ್ನು ನೋಡಲು ಗಾಡಿಯವರು ಬೀಡಿ ಹಚ್ಚುವುದನ್ನು ಮರೆಯುತ್ತಿದ್ದರು. “ಇದಕ್ಕ ಸರಕಾರಿ ಪಗಾರ ಕೊಡ್ರೀ” ಎಂದು ಅಪ್ಪನನ್ನು ಚೇಷ್ಟೆ ಮಾಡುತ್ತಿದ್ದರು.

ಇಂಥ ನಾಯಿಯನ್ನು ಕಂಡವಳಿಗೆ ಸೊಂಟದೆತ್ತರದ ಮರದ ಗೇಟು ಹೇಗೆ ಕಂಡೀತು? ಆದರೂ ಮೊಮ್ಮಗಳ ಮಾತೆಂದು ಪಾಲಿಸಿದೆ. ಅವಳ ಗೇಟಿನ ಜೊತೆಗೆ ನನ್ನದೂ ಒಂದು ಬಾಗಿಲಿನ ನಿಯಮವಿತ್ತು. ನಿಮಗೂ ಗೊತ್ತಿರುವುದೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿಂಬಾಗಿಲು ಮುಚ್ಚಿರಬೇಕು. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ. ಹಿಂದಿನ ಬಾಗಿಲು ತೆರೆದಿದ್ದರೆ ಹಾಗೆಯೇ ಹೊರಟುಹೋಗುತ್ತಾಳೆ. ಅವ್ವ ಒಂದು ಕೋಣೆಯ ಆ ಮನೆಯಲ್ಲೂ ಇದನ್ನು ತಪ್ಪಿಸಲಿಲ್ಲ. ಹಿಂಬಾಗಿಲು ಇಲ್ಲದ್ದರಿಂದ ಹಿಂದಿನ ಕಿಟಕಿ ಮುಚ್ಚುತ್ತಿದ್ದಳು. ನಾನು ಡ್ಯೂಟಿಯಲ್ಲಿದ್ದಾಗ ಬಿಟ್ಟರೆ ಬೇರೆ ದಿನ ಬಿಟ್ಟವಳಲ್ಲ. ಕ್ಯಾಂಪ್‌ಬೆಲ್‌ನಲ್ಲಿ ಬಿಡುತ್ತೇನೆಯೇ? ಸೂರ್ಯ ಮುಳುಗುತ್ತಲೇ ಹಿಂಬಾಗಿಲು ಹಾಕು, ಸಣ್ಣ ಗೇಟು ಹಾಕು, ಮುಂಬಾಗಿಲು ತೆಗೆ, ಹೊಸ್ತಿಲ ಬಳಿ ದೀಪ ಇಡು, ಐದು ನಿಮಿಷ ನಿಲ್ಲು, ಬಾಗಿಲು ಹಾಕು. ಬೇಸಿಗೆಯೆಲ್ಲ ಹೀಗೆಯೇ ನಡೆಯಿತು. ಆ ಹೊತ್ತಿಗೆ ವಿದ್ಯಾ, ನಿಧಿ ಇಬ್ಬರೂ ಮನೆಯಲ್ಲಿರುತ್ತಿದ್ದರು. ಬೋಂಡಾ ಹಿತ್ತಲಿಗೆ ಹೋಗಿ ತನ್ನ ಕೆಲಸ ಮುಗಿಸಿ ಬಂದಿರುತ್ತಿತ್ತು.

ನವೆಂಬರಿನಲ್ಲಿ ಈ ದೇಶದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹೊತ್ತಿನ ಜೊತೆ ಇಂಥ ಸಲಿಗೆ ನನಗೆ ಸರಿಬರುವುದಿಲ್ಲ, ಆದರೆ ನನ್ನನ್ನು ಕೇಳುವವರು ಯಾರು? ಶನಿವಾರ ಆರು ದಾಟಿ ಮುಳುಗಿದ ಸೂರ್ಯ ಸೋಮವಾರ ಐದಕ್ಕೇ ಮುಳುಗಲು ಬಂದ. ನಾನು ಸೂರ್ಯನ ಕಡೆಯವಳು. ಐದಕ್ಕೆ ದೀಪದ ತಾಟು ಸಿದ್ಧಮಾಡಿದೆ. ವಿದ್ಯಾ ಆಫೀಸಿನಿಂದ ಬರಲು, ನಿಧಿ ಈಜಿನ ಕ್ಲಾಸಿನಿಂದ ಬರಲು ಇನ್ನೂ ಒಂದು ಗಂಟೆಯಿತ್ತು. ಮನೆಯಲ್ಲಿ ನಾನು, ಬೋಂಡಾ, ಇಬ್ಬರೇ.

ಬೋಂಡಾ ಹಿಂಬಾಗಿಲ ಬಳಿ ನಿಂತು ಕುಂಯ್‌ಗುಟ್ಟಿತು. ಅದೂ ಸೂರ್ಯನ ಕಡೆಯದೇ. ಹಿತ್ತಲಿಗೆ ಹೋಗುವ ಹೊತ್ತು ಅದಕ್ಕಾಗಿತ್ತು. ನಾನು ಆಗಷ್ಟೇ ಆ ಬಾಗಿಲಿಗೆ ಚಿಲಕ ಹಾಕಿದ್ದೆ.

“ಏನ್ ಅವಸರ ಐತಿ ನಿಂದು? ಐದ್ ನಿಮಿಷ ತಡಿಯೋ ತಮ್ಮಾ, ದೀಪ ಇಟ್ಟು ಬಿಡ್ತೀನಿ.”

ಎರಡೂ ಕೈಯಿಂದ ತಾಟು ಹಿಡಿದಿದ್ದೆ. ಸಣ್ಣ ಗೇಟನ್ನು ಮೊಣಕೈಯಿಂದ ತಳ್ಳಿ ಈಚೆ ಬಂದೆ. ಹಿಂದಕ್ಕೆ ತಿರುಗಿ ಹಾಕಬೇಕಿತ್ತು. ತಾಟು ಕಪಾಟಿನ ಮೇಲೆ ಇಟ್ಟು ಮುಂಬಾಗಿಲು ತೆಗೆದೆ, ಮತ್ತೆ ತಾಟು ಎತ್ತಿಕೊಂಡೆ. ಹೊಸ್ತಿಲಿಗೆ ಬಾಗಿದಾಗ ಕಾಲಿನ ನಡುವೆ ಏನೋ ಬೆಚ್ಚಗೆ ಸರಿದುಹೋಯಿತು. ದೀಪ ಅಲುಗಿತು, ಆರಲಿಲ್ಲ. ತಲೆಯೆತ್ತಿದರೆ ಬೋಂಡಾ ಅಂಗಳದಲ್ಲಿತ್ತು. ಎದುರು ಮನೆಯ ರೋಸಾ ತನ್ನ ನಿಂಬೆಗಿಡಕ್ಕೆ ನೀರು ಬಿಡುತ್ತ ನಿಂತಿದ್ದಳು. ಎಲ್ಲೋ ಒಂದು ಕಾರಿನ ಬಾಗಿಲು ಧಡಾರೆಂದಿತು. ಅಷ್ಟೇ ಸಾಕಾಯಿತು.

ಅದು ಓಡಿತು.

ನಿಜ ಹೇಳುತ್ತೇನೆ, ಮೊದಲ ಕ್ಷಣ ನನಗೆ ಭಯವಾಗಲಿಲ್ಲ. ಬಾಯಿ ತೆರೆದು ನೋಡುತ್ತ ನಿಂತುಬಿಟ್ಟೆ. ಇಷ್ಟು ತಿಂಗಳಿಂದ ಆ ನಾಯಿಯನ್ನು ನೋಡುತ್ತಿದ್ದೇನೆ, ಅದು ಓಡುವುದನ್ನು ನೋಡಿಯೇ ಇರಲಿಲ್ಲ. ಬೆಲ್ಟಿನ ತುದಿಯಲ್ಲಿ ನಡೆಯುವುದು, ಹಿತ್ತಲಿನಲ್ಲಿ ನಾಲ್ಕು ಹೆಜ್ಜೆ ಕುಣಿಯುವುದು, ಇಷ್ಟೇ ಅದರ ಸಾಮರ್ಥ್ಯವೆಂದು ತಿಳಿದಿದ್ದೆ. ಸೋಫಾದ ಆ ದಿಂಬು ಈಗ ಕಿವಿಗಳನ್ನು ತಲೆಗೆ ಅಂಟಿಸಿಕೊಂಡು, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ ಚಿಮ್ಮುತ್ತಿತ್ತು. ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಟ್ಟಿರುವ ಗಳಿಗೆಯನ್ನು ನನ್ನ ಈ ಕಣ್ಣಿನಿಂದ ಕಂಡೆ. ಉದುರಿದ ಎಲೆಗಳು ಅದರ ಹಿಂದೆ ಎದ್ದು ಬಿದ್ದವು. ಇಷ್ಟು ಓಟವನ್ನು ಈ ಪ್ರಾಣಿ ಎಲ್ಲಿ ಅಡಗಿಸಿಕೊಂಡು ಮಲಗಿತ್ತು? ಪಡುವಣದ ಕೆಂಪು ಅದರ ಮೈಮೇಲೆ ಬಿದ್ದು ಬೀದಿಯ ತುದಿಯವರೆಗೂ ಒಂದು ಬೆಂಕಿಯ ಗೆರೆ ಹೋದಂತಿತ್ತು.

ಬೀದಿಯ ತುದಿ ಎಂದಾಗ ಎಚ್ಚರವಾಯಿತು. ಅಲ್ಲಿ ಎಕ್ಸ್‌ಪ್ರೆಸ್‌ವೇ ಇದೆ.

ತಾಟನ್ನು ಎಲ್ಲಿಟ್ಟೆನೋ ನೆನಪಿಲ್ಲ. ಎಪ್ಪತ್ತಮೂರರ ನಾನು, ಸೀರೆಯ ನೆರಿಗೆ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, “ಬೋಂಡಾ! ಬೋಂಡಾ!” ಎಂದು ಕೂಗುತ್ತ ಓಡಿದೆ. ಗದಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬುಟ್ಟಿ ಹೊತ್ತು ಮಾರುವವರು ಸಹ ಅಷ್ಟು ಜೋರಾಗಿ ಕೂಗಲಾರರು. ಒಬ್ಬರ ಕಿಟಕಿ ತೆರೆಯಿತು. ನಾನು ಕೂಗಿದಷ್ಟೂ ಅದು ಮುಂದೆ ಹೋಯಿತು.

ಹಿಂದಿನಿಂದ ಯಾರೋ ತೋಳು ಹಿಡಿದರು. ರೋಸಾ. ಅವಳದು ಮೆಕ್ಸಿಕೋ, ನನ್ನ ವಯಸ್ಸಿನವಳು. ನಾನು ಅವಳಿಗೆ ಕರಿಬೇವು ಕೊಡುತ್ತೇನೆ, ಅವಳು ನನಗೆ ನಿಂಬೆಹಣ್ಣು ಕೊಡುತ್ತಾಳೆ. ನಮ್ಮ ಮಾತುಕತೆ ಹೆಚ್ಚಾಗಿ ಕೈಸನ್ನೆಯಲ್ಲಿ.

“ನೋ ರನ್!” ಎಂದಳು ಏದುಸಿರು ಬಿಡುತ್ತ. “ಯೂ ರನ್, ಹೀ ರನ್! ನೋ ಶೌಟ್!”

ಆಗ ಕಂಬದ ಕಾಗದಗಳಲ್ಲಿನ ಆ ಸಾಲು ಅರ್ಥವಾಯಿತು. ಅದು ನನ್ನಿಂದಲೇ ಓಡುತ್ತಿತ್ತು. ನಾನು ಹಿಂದೆ ಬೀಳುವುದು ಅದಕ್ಕೆ ಬೆನ್ನಟ್ಟಿದಂತೆ ಕಾಣುತ್ತಿತ್ತು.

ಇಬ್ಬರೂ ಬೇಗ ಬೇಗ ನಡೆದು ಮೂಲೆ ಮುಟ್ಟಿದೆವು. ಸಂಜೆ ಐದೂಕಾಲು. ಕೆಲಸ ಬಿಟ್ಟ ಊರೆಲ್ಲ ಮನೆಗೆ ಹೊರಟ ಹೊತ್ತು. ಈ ಕಡೆ ಮೂರು ಸಾಲು ಬಿಳಿ ದೀಪ ಬರುತ್ತಿತ್ತು, ಆ ಕಡೆ ಮೂರು ಸಾಲು ಕೆಂಪು ದೀಪ ಹೋಗುತ್ತಿತ್ತು. ಎರಡರ ನಡುವಿನ ಕಟ್ಟೆಯಲ್ಲಿ ಕಣಗಿಲೆಯ ಸಾಲು. ನಾವು ದೇವರಿಗೆ ಏರಿಸುವ ಹೂವನ್ನು ಇಲ್ಲಿ ರಸ್ತೆಯ ನಡುವೆ ಬೆಳೆಸುತ್ತಾರೆ. ಆ ಗಿಡಗಳ ಬುಡದಲ್ಲಿ ಬೋಂಡಾ ನಿಂತಿತ್ತು. ಮೂರು ಸಾಲು ಗಾಡಿಗಳನ್ನು ಹೇಗೆ ದಾಟಿತೋ ದೇವರೇ ಬಲ್ಲ. ನಾಲಿಗೆ ಹೊರಗೆ ಚಾಚಿ, ಅತ್ತ ನೋಡಿ ಇತ್ತ ನೋಡಿ, ನನ್ನನ್ನು ಕಂಡಿತು. ಬಾಲ ಒಮ್ಮೆ ಅಲ್ಲಾಡಿತು.

ನನ್ನ ಬಾಯಲ್ಲಿ ‘ಬಾ’ ಎಂಬ ಮಾತು ಬಂದೇಬಿಟ್ಟಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಕರಿಯಾನ ಕಥೆಯನ್ನು ನಾನು ಮಗಳಿಗೂ ಮೊಮ್ಮಗಳಿಗೂ ನಿಮಗೂ ಒಂದು ಕಡೆ ನಿಲ್ಲಿಸಿ ಹೇಳಿದ್ದೇನೆ. ಅದರಾಚೆ ಇನ್ನೊಂದು ಚೂರು ಇದೆ. ನನಗೆ ಏಳು ವರ್ಷ. ಅಪ್ಪ ಗೇಟು ಇಳಿಸಿದ್ದ. ಕರಿಯಾ ಹಳಿಯ ಆಚೆ ಬದಿಯ ಗೇಟಿನ ಮುಂದೆ ಎಂದಿನಂತೆ ಕೂತಿತ್ತು. ನಾನು ಈಚೆ. ಕೈಯಲ್ಲಿ ಅರ್ಧ ರೊಟ್ಟಿ. ರೊಟ್ಟಿ ತೋರಿಸಿ, “ಕರಿಯಾ, ಬಾ” ಎಂದೆ. ರಸ್ತೆ, ಗಾಡಿ, ರೈಲು ಎಲ್ಲ ಅರಿತಿದ್ದ ಆ ನಾಯಿ, ನಾನು ಕರೆದೆ ಎಂಬ ಒಂದೇ ಕಾರಣಕ್ಕೆ ಗೇಟಿನ ಕೆಳಗೆ ನುಸುಳಿ ಬಂತು. ಹತ್ತರ ಗೂಡ್ಸ್ ಅವತ್ತು ಸರಿಯಾದ ಸಮಯಕ್ಕೆ ಬಂದಿತ್ತು.

ಅಪ್ಪ ನನ್ನನ್ನು ಬೈಯಲಿಲ್ಲ. ಗುದ್ದಲಿ ಹಿಡಿದು ಹೋಗಿ ಕೆಲಸ ಮುಗಿಸಿ ಬಂದು ಕೈ ತೊಳೆದುಕೊಂಡ. “ರೈಲಿಗೆ ಗೇಟು ಬೇಕಾಗಿಲ್ಲವ್ವಾ, ಅದಕ್ಕ ತನ್ನ ಹಳಿ ಗೊತ್ತೈತಿ. ಗೇಟಿರೂದು ರೈಲು ಗೊತ್ತಿಲ್ದೋರಿಗೆ” ಎಂದ. ಅರವತ್ತಾರು ವರ್ಷದಿಂದ ಆ ಮಾತನ್ನು ಮಡಿಚಿ ಎಲ್ಲೋ ಇಟ್ಟುಬಿಟ್ಟಿದ್ದೆ. ಕರಿಯಾಗೆ ಬೆಲ್ಟು ಇರಲಿಲ್ಲ ಎಂದು ವಾದ ಗೆಲ್ಲುವಾಗಲೆಲ್ಲ ಅದನ್ನು ಮುಟ್ಟದ ಹಾಗೆ ಪಕ್ಕದಿಂದ ಹಾದುಹೋಗುತ್ತಿದ್ದೆ.

ನಾನು ಕರೆಯಲಿಲ್ಲ. ರೋಸಾ ಎರಡು ಕೈಯನ್ನೂ ಮೇಲೆತ್ತಿ ಬರುವ ಗಾಡಿಗಳಿಗೆ ತೋರಿಸುತ್ತ ನಿಂತಳು. ನಡುವಿನ ಸಾಲಿನಲ್ಲಿ ಸಿಮೆಂಟು ಕಲೆಸುವ ಭಾರಿ ಲಾರಿಯೊಂದು ಬರುತ್ತಿತ್ತು. ಅದರ ಚಾಲಕ ನಮ್ಮನ್ನು ನೋಡಿದ, ಕಣಗಿಲೆಯ ಬುಡ ನೋಡಿದ. ವೇಗ ಇಳಿಸಿದ. ಕಿತ್ತಳೆ ದೀಪಗಳು ಮಿನುಗತೊಡಗಿದವು. ಕಿಟಕಿಯಿಂದ ತೋಳು ಹೊರಗೆ ಚಾಚಿ ಅಂಗೈ ಕೆಳಗೆ ಮಾಡಿ ಹಿಂದಿನವರಿಗೆ ನಿಧಾನ ಎಂದು ತೋರಿಸಿದ. ಅವನ ಎಡಕ್ಕೆ ಒಂದು ಕಾರು ನಿಂತಿತು. ಬಲಕ್ಕೆ ಇನ್ನೊಂದು ನಿಂತಿತು. ಅವುಗಳ ಹಿಂದೆ ಒಂದೊಂದಾಗಿ ಎಲ್ಲವೂ ನಿಂತವು. ಆ ಬಿಳಿ ದೀಪಗಳ ಹೊಳೆ ಯಾರೂ ಕಟ್ಟದ ಒಡ್ಡಿಗೆ ತಾಗಿ ನಿಂತುಕೊಂಡಿತು.

ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಎಷ್ಟು ಜನರಿಗೆ ಮನೆಯಲ್ಲಿ ಹಸಿದ ಮಕ್ಕಳಿದ್ದರೋ, ಎಷ್ಟು ಜನ ಡೇಕೇರಿಗೆ ಹೊತ್ತಾಯಿತೆಂದು ಹೊರಟವರೋ. ಲಾರಿಯ ಬೆನ್ನ ಮೇಲಿನ ಆ ದೊಡ್ಡ ಪೀಪಾಯಿ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ತಿರುಗುತ್ತಿತ್ತು. ಆ ಮೌನದಲ್ಲಿ ಒಳಗಿನ ಜಲ್ಲಿ ಹೊರಳುವ ಸದ್ದು ಕೇಳುತ್ತಿತ್ತು. ಮನುಷ್ಯರ ಬಗ್ಗೆ ಅಷ್ಟು ದೊಡ್ಡ ಬೆರಗನ್ನು ನಾನು ಹೆರಿಗೆ ವಾರ್ಡಿನಲ್ಲೂ ಪಟ್ಟಿರಲಿಲ್ಲ.

ಆದರೆ ಕಟ್ಟೆಯ ಆಚೆ ಬದಿಯಲ್ಲಿ ಕೆಂಪು ದೀಪಗಳು ಹರಿಯುತ್ತಲೇ ಇದ್ದವು. ಬೋಂಡಾ ಬೆದರಿ ಅತ್ತ ಜಿಗಿದರೆ ಮುಗಿಯಿತು. ರೋಸಾ ನನ್ನ ಭುಜ ಒತ್ತಿ ನೆಲ ತೋರಿಸಿದಳು. “ಸಿಟ್.”

ನಿಂತ ಗಾಡಿಗಳ ಮುಂದೆ ಮೂರು ಸಾಲು ನಡೆದುಹೋಗಿ, ಕಟ್ಟೆಗೆ ನಾಲ್ಕು ಹೆಜ್ಜೆ ಉಳಿದಾಗ, ನಾಯಿಗೆ ಬೆನ್ನು ಮಾಡಿ ಡಾಂಬರಿನ ಮೇಲೆ ಕೂತೆ. ಮಂಡಿ ಎರಡೂ ಲಟಕ್ಕೆಂದವು. ಮುಖಕ್ಕೆ ನೇರ ಬೆಳಕು ಬೀಳುತ್ತಿತ್ತು. ಎದುರಿನ ಕಾರಿನವರು ಯಾರೋ ಅದನ್ನು ತಗ್ಗಿಸಿದರು. ಮಾಡಲು ಇನ್ನೇನೂ ಇರಲಿಲ್ಲ. ನನ್ನ ಇಡೀ ಬದುಕಿನಲ್ಲಿ ಅಪಾಯ ಕಂಡಾಗ ಓಡಿದ್ದೇನೆ, ಕೂತದ್ದು ಅದೇ ಮೊದಲು. ತೊಡೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ, ದಿನಾ ಅಡುಗೆಮನೆಯಲ್ಲಿ ಅದರ ಜೊತೆ ಆಡುವ ಮಾತನ್ನೇ ಆಡಿದೆ. ಇವತ್ತು ಬದನಿಕಾಯಿ ಪಲ್ಯ ಮಾಡೀನಿ, ನಿನಗ ಕೊಡಂಗಿಲ್ಲ, ನಿನಗ ಅನ್ನ ಗಜ್ಜರಿ ಐತಿ, ಬಿಸಿ ಐತಿ, ಆರಲಿ.

ಎಷ್ಟು ಹೊತ್ತೋ. ಕತ್ತಿನ ಹಿಂದೆ ಬಿಸಿಯುಸಿರು ತಾಗಿತು. ಆಮೇಲೆ ಭುಜದ ಮೇಲೆ ಗದ್ದ. ಕೊರಳಪಟ್ಟಿ ಹಿಡಿದುಕೊಂಡೆ. ಸೆರಗಿನ ತುದಿಯನ್ನು ಅದಕ್ಕೆ ಗಂಟು ಹಾಕಿದೆ, ಗಾಯದ ಪಟ್ಟಿ ಜಾರದಂತೆ ಹಾಕುವ ಗಂಟು. ಅಭ್ಯಾಸಬಲದಿಂದ ಅಂಗೈ ಅದರ ಎದೆಗೆ ಹೋಯಿತು, ಎಣಿಸಲು ಶುರುಮಾಡಿದೆ. ಅಷ್ಟು ಸಣ್ಣ ಗೂಡಿನಲ್ಲಿ ಅಷ್ಟು ದೊಡ್ಡ ಬಡಿತ! ಮೂವತ್ತಾರು ವರ್ಷ ಎಣಿಸಿದವಳಿಗೆ ಅವತ್ತು ಎಣಿಕೆ ತಪ್ಪಿತು.

ನಾವು ಪಕ್ಕಕ್ಕೆ ಸರಿದ ಮೇಲೆ ಲಾರಿಯವನು, “ಗುಡ್ ಜಾಬ್, ಗ್ರ್ಯಾಂಡ್ಮಾ!” ಎಂದು ಕೂಗಿ ಹೊರಟ. ಗುಡ್ ಜಾಬಂತೆ! ಆ ಪರಿಸ್ಥಿತಿ ತಂದದ್ದು ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಮನೆಗೆ ಬಂದಾಗ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಬಳಿ ದೀಪ ಉರಿಯುತ್ತಿತ್ತು. ರೋಸಾಳ ಅಂಗಳದಲ್ಲಿ ನೀರು ಹರಿದು ರಸ್ತೆಗೆ ಬಂದಿತ್ತು. ಅವಳು ಹೋಗುವಾಗ ಬೆರಳನ್ನು ತುಟಿಗಿಟ್ಟು ತೋರಿಸಿದಳು: ನಾನು ಯಾರಿಗೂ ಹೇಳುವುದಿಲ್ಲ.

ಮುಚ್ಚಿಡಬಹುದಿತ್ತು. ಆದರೆ ವಾರ್ಡಿನಲ್ಲಿ ತಪ್ಪಾದರೆ ಅದೇ ದಿನ, ತಪ್ಪು ಮಾಡಿದವರೇ, ತಮ್ಮ ಕೈಯಿಂದ ಬರೆದಿಡಬೇಕು ಎಂದು ಎಷ್ಟು ಹುಡುಗಿಯರನ್ನು ನಾನು ಅಳಿಸಿಲ್ಲ? ಆರು ಗಂಟೆಗೆ ನಿಧಿ ಒದ್ದೆ ಕೂದಲಲ್ಲಿ ಬಂದಾಗ ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಬೋಂಡಾನ ನಾಲ್ಕು ಪಾದವನ್ನೂ ತಿರುವಿ ನೋಡಿದಳು.

“ಗೇಟು ಯಾಕೆ ಹಾಕ್ಲಿಲ್ಲ, ಅಜ್ಜಿ?”

“ಕೈಯಾಗ ತಾಟಿತ್ತವ್ವಾ.”

“ಯು ಕುಡ್ ಹ್ಯಾವ್ ಪುಟ್ ಇಟ್ ಡೌನ್. ತಾಟು ಕೆಳಗೆ ಇಡಬಹುದಿತ್ತು.”

ವಿದ್ಯಾ, “ಅವ್ವಾ, ನಿನಗ ಏನರ ಆಗಿದ್ರ?” ಎಂದು ಅತ್ತಳು. ಶ್ರೀಧರ ಮರುದಿನವೇ ಸಣ್ಣ ಗೇಟಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿದ. “ಇದು ಬೋಂಡಾಗಲ್ಲ ಅತ್ತೆ, ನಮ್ಮೆಲ್ರಿಗೂ. ನಾನೂ ಎಷ್ಟು ಸಲ ಮರ್ತಿದೀನಿ ಗೊತ್ತಾ?” ಎಂದ. ಒಳ್ಳೆಯವನು, ಸುಳ್ಳು ಹೇಳಲು ಬರುವುದಿಲ್ಲ. ನಿಧಿ ಮಾತ್ರ ಮರುದಿನದಿಂದ ಬೋಂಡಾನನ್ನು ನನ್ನ ಜೊತೆ ಒಂಟಿಯಾಗಿ ಬಿಡುವುದನ್ನು ನಿಲ್ಲಿಸಿದಳು. ಈಜಿನ ಕ್ಲಾಸಿಗೆ ಹೋಗುವಾಗ ತನ್ನ ಕೋಣೆಯಲ್ಲಿ ಅದನ್ನು ಹಾಕಿ ಬಾಗಿಲೆಳೆದು ಹೋಗುತ್ತಿದ್ದಳು. ಸಿಟ್ಟಿನಿಂದಲ್ಲ, ಹೆಡ್ ಸಿಸ್ಟರ್ ಆಗಿದ್ದಾಗ ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೂ ಮಧ್ಯಾಹ್ನ ಮುಚ್ಚಿದ ಆ ಬಾಗಿಲ ಮುಂದೆ ಹಾದುಹೋಗುವಾಗ ಒಳಗಿನಿಂದ ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ನಾನು ನಿಂತು ಕೇಳಿ, ಮುಂದೆ ಹೋಗುತ್ತಿದ್ದೆ.

ನೀವು ನಾಯಿ ಸಾಕಿದವರಾದರೆ, ಅಥವಾ ನನ್ನಂತೆ ಮಕ್ಕಳ ಮನೆಯಲ್ಲಿ ನಾಯಿಯ ಜೊತೆ ಇರುವ ಹಿರಿಯರಾದರೆ, ಒಂದು ಮಾತು ಕೇಳಿ. ಕಟ್ಟಿಹಾಕುವುದು ಕ್ರೌರ್ಯವೆಂದು ನನಗೂ ಅನಿಸುತ್ತಿತ್ತು. ಆದರೆ ಆ ಓಟವನ್ನು ಕಂಡ ಮೇಲೆ ಹೇಳುತ್ತೇನೆ: ಅಷ್ಟು ಓಟ ಒಳಗೆ ಇರುವುದರಿಂದಲೇ ಬೇಲಿ ಬೇಕು. ನಮ್ಮ ಕಾಲಡಿ ಮಲಗಿರುವುದು ದಿಂಬಲ್ಲ. ಬೇಲಿಯ ಹಲಗೆ ಸಡಿಲವಾಗಿದೆಯೇ ನೋಡಿ. ಕೊರಳಪಟ್ಟಿಯಲ್ಲಿ ಫೋನ್ ನಂಬರು ಓದುವಂತಿದೆಯೇ ನೋಡಿ. ಮನೆಗೆ ಬಂದವರು ಚಪ್ಪಲಿ ಬಿಡುತ್ತ ಬಾಗಿಲಲ್ಲೇ ಮಾತಿಗೆ ನಿಂತರೆ ನಾಚಿಕೆಪಡದೆ ಒಳಗೆ ಕರೆದು ಕದ ಹಾಕಿ. ಇನ್ನು ಲಕ್ಷ್ಮಿಯ ವಿಷಯ. ನಾನು ಈಗ ಬೋಂಡಾನನ್ನು ಹಿತ್ತಲಿಗೆ ಬಿಟ್ಟು, ಕರೆತಂದು, ಎರಡು ಬಾಗಿಲನ್ನೂ ಹಾಕಿ ದೀಪ ಹಚ್ಚುತ್ತೇನೆ. ಇಷ್ಟು ವರ್ಷ ಬಂದ ದೇವಿಗೆ ದಾರಿ ಹೊಸದಲ್ಲ.

ಹತ್ತನೆಯ ದಿನವೋ ಹನ್ನೊಂದನೆಯದೋ, ನಿಧಿ ಈಜಿನ ಚೀಲ ಹೆಗಲಿಗೇರಿಸಿ ಹೊರಟವಳು ಹಜಾರದಲ್ಲಿ ನಿಂತಳು. ಕರೆದೊಯ್ಯಲು ಗೆಳತಿಯ ತಾಯಿ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಳು. ಬೋಂಡಾ ಇನ್ನೂ ಸೋಫಾದ ಮೇಲೆಯೇ ಇತ್ತು. ನಿಧಿ ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ಅಜ್ಜಿ, ಹಿಂದಿನ ಡೋರ್?”

“ಅವನ ಕೆಲಸ ಆಗೇತಿ. ಹಾಕೀನಿ.”

“ಸಣ್ಣ ಗೇಟು?”

“ನೀ ಆಚೆ ಹೋದ ಕೂಡ್ಲೆ ಕೈಯಾಗ ಎಳದು ನೋಡ್ತೀನಿ.”

“ಅವನ ಕಾಲರ್?”

“ಐತಿ. ಎರಡು ಬೆರಳು ಹಿಡಿಯುವಷ್ಟು ಸಡಿಲ ಐತಿ.”

ಪಾಳಿ ಬದಲಾಗುವಾಗ ಹೋಗುವ ಸಿಸ್ಟರ್ ಬರುವ ಸಿಸ್ಟರ್‌ಗೆ ಒಂದೊಂದು ಹಾಸಿಗೆಯ ಮುಂದೆ ನಿಂತು ಚಾರ್ಜ್ ಒಪ್ಪಿಸುತ್ತಾಳೆ. ಸಾವಿರಾರು ಸಲ ನಾನು ಅದನ್ನು ತೆಗೆದುಕೊಂಡಿದ್ದೇನೆ. ಆವತ್ತಿನಷ್ಟು ಎಚ್ಚರದಿಂದ ಎಂದೂ ತೆಗೆದುಕೊಂಡಿರಲಿಲ್ಲ.

ನಿಧಿ ಚೀಲದ ಪಟ್ಟಿ ಸರಿಮಾಡಿಕೊಂಡಳು. “ಓಕೆ,” ಎಂದಳು. “ಆರು ಗಂಟೆಗೆ ಬರ್ತೀನಿ.” ಸಣ್ಣ ಗೇಟು ದಾಟಿದಳು, ಮುಂಬಾಗಿಲು ದಾಟಿದಳು. ನಾನು ಒಳಗಿನಿಂದ ಚಿಲಕ ಹಾಕಿ ಅಲ್ಲೇ ನಿಂತೆ. ಅವಳ ಹೆಜ್ಜೆಯ ಸದ್ದು ಮೆಟ್ಟಿಲಿಳಿಯಿತು, ನಿಂತಿತು, ಹಿಂದಕ್ಕೆ ಬಂತು. ಹೊರಗಿನಿಂದ ಬಾಗಿಲಿನ ಹಿಡಿಕೆ ಒಮ್ಮೆ ತಿರುಗಿತು. ತೆರೆಯಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ, ತಿರುಗಿತು. ಆಮೇಲೆ ಅವಳು ಓಡಿಹೋಗಿ ಕಾರು ಹತ್ತಿದ ಸದ್ದು ಕೇಳಿತು.